ಟಿಕೆಟ್ಟಿನ ಗಡಿಯಾರ ನಂಬಿ ಹೊರಡಬೇಡಿ

ಮಗಳ ಬಾಣಂತನಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೊ ಕಡೆ ಹೊರಡುವ ಅಪ್ಪ-ಅಮ್ಮಂದಿರು ನಮ್ಮ ಮತ್ತಿಕೆರೆಯಲ್ಲಿ ಕಡಿಮೆಯೇನಿಲ್ಲ. ಟಿಕೆಟ್ ಕೈಗೆ ಬಂದ ಕೂಡಲೇ ‘ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ತಲುಪ್ತೀವಂತೆ’ ಎಂದು ಹಿಗ್ಗುತ್ತೀರಿ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ! ಹೊರಡುವ ಹೊತ್ತು ಬೆಂಗಳೂರಿನದು, ತಲುಪುವ ಹೊತ್ತು ಅಲ್ಲಿಯದು. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಹನ್ನೆರಡೂವರೆ. ಅದನ್ನು ಕೂಡಿಸಿ ನೋಡಿ. ನೇರ ವಿಮಾನವಾದರೂ ಹದಿನಾರು ಗಂಟೆಗೆ ಕಡಿಮೆಯಿಲ್ಲದಂತೆ ಕೂರಬೇಕು.

ನೇರ ದೂರವೇ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಮಹಿಳಾ ತಂಡ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿಳಿಸಿದರು. ಎಷ್ಟು ಹೆಮ್ಮೆಯ ಮಾತು! ಗೋಡೆಯ ನಕ್ಷೆಯಲ್ಲಿ ಅದು ಸುತ್ತುದಾರಿಯಂತೆ ಕಂಡೀತು. ಗ್ಲೋಬಿನ ಮೇಲೆ ದಾರ ಬಿಗಿದು ನೋಡಿ, ಅದೇ ಹತ್ತಿರ. ಆದರೆ ದೂರ ಗೊತ್ತಾದ ಮಾತ್ರಕ್ಕೆ ಹೊತ್ತು ಗೊತ್ತಾಗುವುದಿಲ್ಲ. ಎದುರುಗಾಳಿ ಬೀಸಿದರೆ ತಡ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಮಾರ್ಗ ಮುಚ್ಚಿದಾಗ ಅಮೆರಿಕಕ್ಕೆ ಹೋಗಿಬರುವ ನಮ್ಮ ಕೆಲವು ವಿಮಾನಗಳು ಇಂಧನಕ್ಕಾಗಿ ನಡುವೆ ಇಳಿಯಬೇಕಾಯಿತು. ಹಾಗಾಗಿ ಬುಕ್ ಮಾಡಿ ಮರೆತುಬಿಡಬೇಡಿ, ಹೊರಡುವ ವಾರ ಮತ್ತೊಮ್ಮೆ ವಿಚಾರಿಸಿ.

ನೇರ ವಿಮಾನ ಸಿಗದಿದ್ದರೆ ದುಬೈಯೋ ಫ್ರಾಂಕ್‌ಫರ್ಟೋ ಹಾದು ಹೋಗಬೇಕು. ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ. ನಾಲ್ಕು ಕಾಸು ಉಳಿಯುತ್ತದೆಂದು ಎರಡು ಬೇರೆ ಬೇರೆ ಟಿಕೆಟ್ ಮಾಡಿಸಬೇಡಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರಿರುವುದಿಲ್ಲ. ಒಂದೇ ಟಿಕೆಟ್ಟಿನಲ್ಲಿ, ನಡುವೆ ಮೂರು ಗಂಟೆಯಾದರೂ ಬಿಡುವಿರಲಿ. ಮಂಡಿನೋವಿದ್ದರೆ ವೀಲ್‌ಚೇರ್ ಮೊದಲೇ ಕೇಳಿಡಿ, ಅದರಲ್ಲಿ ನಾಚಿಕೆ ಏನು? ಬಿಪಿ, ಸಕ್ಕರೆ ಮಾತ್ರೆಗಳು ಕೈಚೀಲದಲ್ಲೇ ಇರಲಿ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ.

ಇನ್ನು ನೀವು ಲೆಕ್ಕಕ್ಕೇ ಹಿಡಿಯದ ಪ್ರಯಾಣ ಒಂದಿದೆ: ಮನೆಯಿಂದ ದೇವನಹಳ್ಳಿಗೆ. ಸುಮಾರು 30 ಕಿ.ಮೀ. ತಾನೇ ಎನ್ನುತ್ತೀರಿ. ಸಂಜೆ ಹೊತ್ತು ಬಿಇಎಲ್ ಸರ್ಕಲ್ ದಾಟಿ ಹೆಬ್ಬಾಳದ ಮೇಲ್ಸೇತುವೆ ಹತ್ತುವುದರೊಳಗೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ ಮುಂಚೆ ಇರಬೇಕು. ರಸ್ತೆಗೆ ಇನ್ನೆರಡು ಗಂಟೆ ಇಟ್ಟುಕೊಳ್ಳಿ. ಕೌಂಟರ್ ಮುಚ್ಚಿದ ಮೇಲೆ ಗೋಗರೆಯುವುದೆಂದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ತಾರೀಖನ್ನೂ ಕಣ್ಣಿಟ್ಟು ನೋಡಿ. 15ರ ಬೆಳಗಿನ ಜಾವ 2ಕ್ಕೆ ವಿಮಾನ ಎಂದರೆ ನೀವು ಮನೆ ಬಿಡಬೇಕಾದದ್ದು 14ರ ರಾತ್ರಿ. ಕ್ಯಾಲೆಂಡರಿನಲ್ಲಿ 14ಕ್ಕೇ ಸುತ್ತು ಹಾಕಿ. ಅಳಿಯಂದಿರಿಗೂ ಹೇಳಿಬಿಡಿ, ವಿಮಾನ ಇಳಿಯುವ ಹೊತ್ತಿಗೇ ಓಡಿ ಬರುವುದು ಬೇಡ. ಇಮಿಗ್ರೇಷನ್ ಸಾಲು ದಾಟಿ ಪೆಟ್ಟಿಗೆ ಎತ್ತಿಕೊಂಡು ನೀವು ಹೊರಬರಲು ಒಂದೂವರೆ ಗಂಟೆಯಾದರೂ ಆದೀತು.