ವ್ಯವಸ್ಥಾ ಇಂಜನಿಯರಿಂಗೂ ನಮ್ಮ ಬಾಲಿಕೆಯರೂ



ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ. ಹಿಪ್ಪುನೇರಳೆಯ ಸೊಪ್ಪು ಕೆಟ್ಟಿದ್ದರೆ ಹುಳುವಿಗೆ ರೋಗ. ಹುಳು ಸೊರಗಿದರೆ ಚಂದ್ರಿಕೆಯಲ್ಲಿ ತೆಳುವಾದ ಗೂಡು. ಗೂಡು ತೆಳುವಾದರೆ ನೂಲು ಬಿಚ್ಚುವಾಗ ಎಳೆಯು ತುಂಡಾಗುವುದು. ಹೀಗೆ ಬಿಡಿ ಭಾಗಗಳನ್ನು ಮಾತ್ರವಲ್ಲದೆ ಅವುಗಳ ಪರಸ್ಪರ ಸಂಬಂಧವನ್ನೂ ವಿಚಾರಿಸಿ, ಇಡೀ ಕಾರ್ಯವನ್ನು ಮೊದಲಿನಿಂದ ಕೊನೆಯವರೆಗೆ ಯೋಜಿಸತಕ್ಕ ವಿದ್ಯೆಗೆ ವ್ಯವಸ್ಥಾ ಇಂಜನಿಯರಿಂಗ್ ಎಂದು ಹೆಸರು.

ಈ ಹೆಸರು ಬಳಕೆಗೆ ಬರುವ ಮೊದಲೇ ಅದರ ಮರ್ಮವನ್ನರಿತವರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು. ಮೂಸಿ ನದಿಯ 1908ರ ಪ್ರವಾಹದಿಂದ ಹೈದರಾಬಾದು ಹಾಳಾದಾಗ ಅವರು ಊರೊಳಗಿನ ಚರಂಡಿಯನ್ನೂ ಊರ ಮೇಲಣ ಜಲಾಶಯಗಳನ್ನೂ ಕೂಡಿಯೇ ಆಲೋಚಿಸಿದರು.

ನಮ್ಮ ಜಿಲ್ಲೆಗೆ ವರುಷವಿಡೀ ಹರಿಯುವ ಹೊಳೆಯಿಲ್ಲ. ಬೆಂಗಳೂರಿನ ಹೆಬ್ಬಾಳ ಮತ್ತು ನಾಗವಾರ ಕಣಿವೆಗಳ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ ಇಲ್ಲಿಯ ಕೆರೆಗಳಿಗೆ ತುಂಬಿಸುತ್ತಿರುವರು. ಮೂರನೆಯ ಹಂತವೂ ಬೇಕೆಂದು ರೈತರು ಕೇಳುತ್ತಿರುವರು. ಕೆರೆಯಿಂದ ಬಾವಿಗೆ ಏನು ಇಳಿಯುವುದು? ಬಾವಿಯಿಂದ ಬೆಳೆಗೆ ಏನು ಸೇರುವುದು? ಅದನ್ನು ಪರೀಕ್ಷಿಸತಕ್ಕವರು ಯಾರು? ನಮ್ಮ ಮನೆಯ ಕೊಡಕ್ಕೆ ಸಂಬಂಧಿಸಿದ ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಈ ವಿದ್ಯೆಯ ಕೆಲಸ.

ಇದನ್ನು ಕಲಿತವರಿಗೆ ಮುಖ್ಯವಾಗಿ ನಾಲ್ಕು ಮಾರ್ಗಗಳಿರುವುವು: ಅಗತ್ಯಗಳನ್ನು ಗೊತ್ತುಮಾಡಿ ಯೋಜಿಸುವುದು, ಭಾಗಗಳನ್ನು ಜೋಡಿಸಿ ಪರೀಕ್ಷಿಸುವುದು, ಅಪಾಯಗಳನ್ನು ಮುಂಗಂಡು ತಡೆಯುವುದು, ನಡೆಯುತ್ತಿರುವ ಕಾರ್ಯವನ್ನು ಕಾಪಾಡುವುದು. ನೀರು, ವಿದ್ಯುತ್ತು, ರೈಲು, ವಿಮಾನ, ಆಸ್ಪತ್ರೆ, ಸಾಫ್ಟ್‌ವೇರು ಮೊದಲಾದ ಕ್ಷೇತ್ರಗಳಲ್ಲಿ ಇವರಿಗೆ ಕೆಲಸವುಂಟು.

ಇದು ಹೆಣ್ಣುಮಕ್ಕಳಿಗಲ್ಲವೆನ್ನುವವರಿಗೆ ಉತ್ತರವುಂಟು. ರಾಜೇಶ್ವರಿ ಚಟರ್ಜಿಯವರು 1953ರಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. 2019ರ ಚಂದ್ರಯಾನ-2ಕ್ಕೆ ಯೋಜನಾ ನಿರ್ದೇಶಕಿ ಎಂ. ವನಿತಾ, ಅಭಿಯಾನ ನಿರ್ದೇಶಕಿ ರಿತು ಕರಿಧಾಲ್. ಆ ನೌಕೆಯ ಇಳಿಯುವ ಭಾಗವು ನೆಲಕ್ಕಪ್ಪಳಿಸಿತಾದರೂ, ಸುತ್ತುವ ಭಾಗವು ಚಂದ್ರನ ಕಕ್ಷೆಯಲ್ಲಿ ನೆಲೆಗೊಂಡಿತು. ಸೋಲಿನ ಕಾರಣವನ್ನು ಹುಡುಕಿ ತಿದ್ದಿದ್ದರಿಂದಲೇ 2023ರಲ್ಲಿ ಚಂದ್ರಯಾನ-3 ಸುಖವಾಗಿ ಇಳಿಯಿತು.

ಎಸ್.ಎಸ್.ಎಲ್.ಸಿ. ಆದಮೇಲೆ ಗಣಿತ, ಭೌತಶಾಸ್ತ್ರಗಳನ್ನು ಬಿಡಬೇಡಿರಿ. ಬಳಿಕ ವಿದ್ಯುತ್, ಎಲೆಕ್ಟ್ರಾನಿಕ್ಸ್, ಯಂತ್ರ ಅಥವಾ ಸಿವಿಲ್ ಶಾಖೆಯಲ್ಲಿ ಬಿ.ಇ. ಪದವಿಯನ್ನು ಪಡೆದು, ಅನಂತರ ವ್ಯವಸ್ಥಾ ಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಬಹುದು. ಚಿಂತಾಮಣಿಯಿಂದಲೋ ಗೌರಿಬಿದನೂರಿನಿಂದಲೋ ದೂರದ ಕಾಲೇಜಿಗೆ ಮಗಳನ್ನು ಕಳುಹಿಸಲು ಹಿರಿಯರು ಹಿಂಜರಿಯುವುದು ಸಹಜವೇ. ಅವರೊಡನೆ ವಿನಯದಿಂದಲೂ ಧೈರ್ಯದಿಂದಲೂ ಮಾತನಾಡಿರಿ. ನಮ್ಮ ಕೆರೆಯ ನೀರನ್ನು ಪರೀಕ್ಷಿಸುವವಳು ಈ ಊರಿನ ಮಗಳೇ ಆದರೆ, ಅದಕ್ಕಿಂತ ಹಿರಿದಾದ ನೆಮ್ಮದಿ ಅವರಿಗೆ ಯಾವುದು?