ಸಾಲಗಾರ ಹೊಸ್ತಿಲ ಆಚೆ ನಿಲ್ಲಲಿ: ಸಂಘದ ಸಭೆಗೊಂದು ಬೈಬಲ್ ಪಾಠ



ಬೈಬಲ್ ವಾಕ್ಯ ಅಂದರೆ ಭಾನುವಾರದ ಬಲಿಪೂಜೆಯಲ್ಲಿ ಕೇಳಿಸಿಕೊಳ್ಳುವುದು, ಮನೆಯ ಕ್ಯಾಲೆಂಡರಿನಲ್ಲಿ ಓದುವುದು, ಅಷ್ಟಕ್ಕೇ ಮುಗಿಯಿತು ಅಂತ ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಸಂಘದ ಲೆಕ್ಕದ ಪುಸ್ತಕಕ್ಕೂ ದೇವರ ವಾಕ್ಯಕ್ಕೂ ಏನು ಸಂಬಂಧ? ಸಂಬಂಧ ತುಂಬಾ ಇದೆ. ಸಾಲ, ಅಡವು, ಜಾಮೀನು, ಕೂಲಿ ಇವುಗಳ ಬಗ್ಗೆ ಬೈಬಲ್ ಸುತ್ತುಬಳಸದೆ ಮಾತಾಡುತ್ತದೆ. ನಮ್ಮ ಸಂಘಗಳಲ್ಲಿ ಹಿಂದೂ, ಮುಸ್ಲಿಂ ಸಹೋದರಿಯರೂ ಇದ್ದಾರೆ. ಈ ಪಾಠ ಅವರಿಗೂ ಹೊರತಲ್ಲ, ಸಾಲದ ಕಷ್ಟ ಎಲ್ಲರ ಮನೆಯಲ್ಲೂ ಒಂದೇ.

ನಲ್ಲೂರು, ಚನ್ನಗಿರಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಸುಲಿತ ಮುಗಿದ ಮೇಲೆ ಕೂಲಿ ಕಡಿಮೆ. ಜೂನ್ ಬಂದರೆ ಮಕ್ಕಳ ಶಾಲೆ ಖರ್ಚು ಬೇರೆ. ಆದರೆ ವಾರದ ಕಂತು ಮಾತ್ರ ಸುಲಿತ ಇದೆಯೋ ಇಲ್ಲವೋ ಕೇಳುವುದಿಲ್ಲ. ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. 2025ರ ಆರಂಭದಲ್ಲಿ ಚಾಮರಾಜನಗರದಂಥ ಜಿಲ್ಲೆಗಳಲ್ಲಿ ವಸೂಲಿಯವರ ಕಾಟ ತಾಳಲಾರದೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟದ್ದನ್ನು ನಾವೆಲ್ಲ ಕೇಳಿದ್ದೇವೆ.

ಈಗ ಧರ್ಮೋಪದೇಶಕಾಂಡದ 24ನೇ ಅಧ್ಯಾಯ ತೆಗೆಯಿರಿ. ಅಲ್ಲಿ ಸಾಲ ಕೊಟ್ಟವನಿಗೇ ಕಟ್ಟಳೆ ಇದೆ. ಅಡವಿಗೆಂದು ಅವನು ಸಾಲ ಪಡೆದವನ ಮನೆಯೊಳಗೆ ನುಗ್ಗಬಾರದು, ಹೊರಗೇ ನಿಲ್ಲಬೇಕು. ಮನೆಯವನೇ ಹೊರಗೆ ತಂದು ಕೊಡಬೇಕು. ಬೀಸುವ ಕಲ್ಲನ್ನು ಅಡವು ಇಟ್ಟುಕೊಳ್ಳಬಾರದು, ಅದು ಆ ಮನೆಯ ಅನ್ನ. ಬಡವನ ಹೊದಿಕೆ ಇಟ್ಟುಕೊಂಡಿದ್ದರೆ ಹೊತ್ತು ಮುಳುಗುವಾಗ ಹಿಂದಿರುಗಿಸಬೇಕು. ವಿಧವೆಯ ಬಟ್ಟೆಯನ್ನಂತೂ ಮುಟ್ಟಲೇಬಾರದು. ನಮ್ಮ ಕಾಲಕ್ಕೆ ಹೇಳುವುದಾದರೆ ಬೀಸುವ ಕಲ್ಲು ಅಂದರೆ ಹೊಲಿಗೆ ಮಿಷನ್, ಅಡಿಕೆ ಸುಲಿಯುವ ಕತ್ತಿ, ಕರೆಯುವ ಹಸು. ಸಾಲ ಮಾಡಿದವಳಿಗೂ ಮಾನ ಇದೆ, ಅವಳ ಹೊಸ್ತಿಲಿಗೂ ಮರ್ಯಾದೆ ಇದೆ ಅನ್ನುವುದು ಅಷ್ಟು ಹಳೆಯ ಮಾತು.

ಕಾನೂನೂ ಇದೇ ದಾರಿಗೆ ಬಂದಿದೆ. ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ನೋಂದಣಿ ಇಲ್ಲದೆ ಸಾಲ ಕೊಟ್ಟು ಪೀಡಿಸುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂ. ವರೆಗೆ ದಂಡ ಎಂದಿತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಗಳಿಗೆ ಬೇರೆ ನಿಯಮ. 2022ರಲ್ಲಿ ಬಂದ ಆ ನಿಯಮದಂತೆ ಕಿರುಸಾಲಕ್ಕೆ ಅಡವು ಕೇಳುವಂತಿಲ್ಲ, ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ವಸೂಲಿಗೆ ಪೀಡಿಸುವಂತಿಲ್ಲ. ಎಲ್ಲಾ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು. ಮನೆಗೆ ತಿಂಗಳಿಗೆ 12,000 ರೂ. ಬರುತ್ತಿದ್ದರೆ ಕಂತೆಲ್ಲಾ ಕೂಡಿ 6,000 ರೂ. ಒಳಗೇ ಇರಬೇಕು. ಅರ್ಧವೂ ಜಾಸ್ತಿಯೇ ಅಂತ ನಮ್ಮ ಅಭಿಪ್ರಾಯ. ಉಳಿದ ಅರ್ಧದಲ್ಲಿ ಅಕ್ಕಿ, ಔಷಧಿ, ಫೀಸು ಎಲ್ಲಾ ಆಗಬೇಕಲ್ಲ!

ಇನ್ನು ಜಾಮೀನಿನ ಮಾತು. ಇದು ಸಂಘದ ನಿಜವಾದ ಕಷ್ಟ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕಾ? ಜ್ಞಾನೋಕ್ತಿಯ 6ನೇ ಅಧ್ಯಾಯ ಬಹಳ ಕಟುವಾಗಿದೆ. ಯೋಚಿಸದೆ ಇನ್ನೊಬ್ಬರಿಗೆ ಹೊಣೆ ನಿಂತಿದ್ದರೆ ನಿದ್ದೆ ಬಿಟ್ಟು ಹೋಗಿ ಬೇಡಿಕೊಂಡಾದರೂ ಬಿಡಿಸಿಕೋ ಅನ್ನುತ್ತದೆ. ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ, 2ನೇ ವಾಕ್ಯದಲ್ಲಿ ಒಬ್ಬರ ಭಾರ ಒಬ್ಬರು ಹೊರಬೇಕು ಅನ್ನುತ್ತಾರೆ, 5ನೇ ವಾಕ್ಯದಲ್ಲಿ ಪ್ರತಿಯೊಬ್ಬರೂ ತಮ್ಮದನ್ನು ತಾವೇ ಹೊರಬೇಕು ಅನ್ನುತ್ತಾರೆ. ಜಗಳ ಬಂದಾಗ ಸಾಲ ಕಟ್ಟದವಳು 2ನೇ ವಾಕ್ಯ ಹಿಡಿಯುತ್ತಾಳೆ, ಪ್ರತಿನಿಧಿ 5ನೇ ವಾಕ್ಯ ಹಿಡಿಯುತ್ತಾಳೆ!

ಆದರೆ ಮೂಲ ಗ್ರೀಕ್ ಭಾಷೆಯಲ್ಲಿ ಇವು ಎರಡು ಬೇರೆ ಪದಗಳು. ಮೊದಲನೆಯದು ‘ಬಾರೋಸ್’, ಒಬ್ಬರಿಂದ ಎತ್ತಲಾಗದ ಭಾರ. ಎರಡನೆಯದು ‘ಫೋರ್ಟಿಯೋನ್’, ದಾರಿ ನಡೆಯುವವರು ತಾವೇ ಹೊತ್ತುಕೊಳ್ಳುವ ಗಂಟು. ಗಂಡನಿಗೆ ಅಪಘಾತವಾಗಿ ಆಸ್ಪತ್ರೆ ಸೇರಿದ್ದು ಬಾರೋಸ್. ಆಗ ಸಂಘ ಕಂತು ಮುಂದೂಡಬೇಕು, ಕೈ ಕೊಡಬೇಕು. ಬರೀ ‘ದೇವರು ಒಳ್ಳೇದು ಮಾಡಲಿ’ ಅಂತ ಹೇಳಿ ಕಳಿಸಿದರೆ ಯಾಕೋಬರ ಪತ್ರದ 2ನೇ ಅಧ್ಯಾಯ ನಮ್ಮನ್ನು ಬೈಯುತ್ತದೆ. ಆದರೆ ಹಬ್ಬಕ್ಕೆ ಟಿವಿ ತಂದು, ಸಂಘದ ಕಂತು ಆಮೇಲೆ ನೋಡೋಣ ಅನ್ನುವುದು ಫೋರ್ಟಿಯೋನ್. ಅದನ್ನು ಹತ್ತು ಜನ ಹೊತ್ತರೆ ಸಂಘ ಮುರಿಯುತ್ತದೆ. ಯಾವುದು ಯಾವುದು ಅಂತ ಹೇಗೆ ಗೊತ್ತಾಗಬೇಕು? ಅವಳ ಮನೆಗೆ ಹೋಗಿ ಕೂತು ಮಾತಾಡಬೇಕು. ಸಭೆಯಲ್ಲಿ ಎಲ್ಲರೆದುರು ನಿಲ್ಲಿಸಿ ಕೇಳಿದರೆ ನಿಜ ಹೊರಗೆ ಬರೋದಿಲ್ಲ.

ಒಂದು ಕಥೆಯನ್ನೂ ಓದಿ: ಅರಸರು ಎರಡನೇ ಗ್ರಂಥದ 4ನೇ ಅಧ್ಯಾಯ. ದೇವಭಕ್ತನೊಬ್ಬ ಸಾಲ ಬಿಟ್ಟು ಸತ್ತಿದ್ದಾನೆ. ಸಾಲಗಾರ ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಬರುತ್ತಿದ್ದಾನೆ. ಸಾಲ ಇದ್ದವರಿಗೆ ವಿಶ್ವಾಸ ಸಾಲದು ಅಂತ ಬೋಧಿಸುವವರು ಈ ಮನುಷ್ಯನನ್ನು ನೆನೆಯಬೇಕು. ಪ್ರವಾದಿ ಎಲೀಷ ಆ ವಿಧವೆಯನ್ನು ಮೊದಲು ಕೇಳಿದ್ದು ಮನೆಯಲ್ಲಿ ಏನಿದೆ ಅಂತ. ಇದ್ದದ್ದು ಸ್ವಲ್ಪ ಎಣ್ಣೆ. ನೆರೆಹೊರೆಯವರಿಂದ ಖಾಲಿ ಪಾತ್ರೆ ತರಿಸಿದ, ನಾಲ್ಕಾರು ಅಲ್ಲ, ಸಿಕ್ಕಷ್ಟೂ. ಎಣ್ಣೆ ತುಂಬಿತು. ಮಾರಿ ಮೊದಲು ಸಾಲ ತೀರಿಸು, ಮಿಕ್ಕದ್ದರಲ್ಲಿ ಮಕ್ಕಳೊಂದಿಗೆ ಬದುಕು ಎಂದ. ಪವಾಡ ದೇವರದು, ಪಾತ್ರೆ ನೆರೆಯವರದು, ಸುರಿದ ಕೈ ಅವಳದು.

ಮುಂದಿನ ಸಭೆಗೆ ಪ್ರತಿ ಸದಸ್ಯೆಯೂ ತಮ್ಮ ಎಲ್ಲಾ ಸಾಲದ ಪಾಸ್‌ಬುಕ್, ಕಾರ್ಡುಗಳನ್ನು ತನ್ನಿ. ಮುಚ್ಚಿಡಬೇಡಿ. ಕಂತುಗಳನ್ನು ಕೂಡಿಸಿ ಮನೆಯ ಆದಾಯದ ಪಕ್ಕ ಬರೆಯಿರಿ. ಸಂಘದ ಬಡ್ಡಿ ನೂರಕ್ಕೆ ತಿಂಗಳಿಗೆ 2 ರೂ. ಆದರೆ ವರ್ಷಕ್ಕೆ 24 ರೂ. ಆಯಿತು. ಹೊರಗಿನ ಸಾಲಕ್ಕೆ ಎಷ್ಟು ಬೀಳುತ್ತಿದೆ ಅಂತ ಅದೇ ಲೆಕ್ಕದಲ್ಲಿ ನೋಡಿ. ಆಮೇಲೆ ಈ ಪ್ರಶ್ನೆ ಚರ್ಚಿಸಿ: ಬಡ್ಡಿಯ ಹಣದಲ್ಲಿ ಒಂದು ಪಾಲನ್ನು ಬಾರೋಸ್ ಬಂದ ಮನೆಗೆಂದು ಬೇರೆ ತೆಗೆದಿಡಬಹುದೇ, ಎಷ್ಟು? ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಓದಲು ಬಾರದ ಸಹೋದರಿಯರಿಗೆ ಸಹಿಗೆ ಮುಂಚೆ ಗಟ್ಟಿಯಾಗಿ ಓದಿ ಹೇಳಿ.