ಮನೆಯ ಹಿರಿಯರು ಹೇಳದೆ ಹೊರಟಾಗ

ಬಸವೇಶ್ವರನಗರ

ಪ್ರೀತಿಯ ಮಗಳೇ,

ತಾತನಿಗೆ ಡಿಮೆನ್ಷಿಯಾ ಎಂದು ಡಾಕ್ಟರು ಹೇಳಿದ ಮೇಲೆ ಮನೆಯವರೆಲ್ಲ ಮಾತ್ರೆ, ಸ್ಕ್ಯಾನಿಂಗಿನ ಚಿಂತೆಯಲ್ಲಿದ್ದಾರೆ. ಬಾಗಿಲಿನ ಮೇಲೆ ನೀನು ಒಂದು ಕಣ್ಣಿಡು. ಈ ಕಾಯಿಲೆಯವರಲ್ಲಿ 10ಕ್ಕೆ 6 ಮಂದಿ ಒಮ್ಮೆಯಾದರೂ ಹೇಳದೆ ಮನೆಯಿಂದ ಹೊರಟುಹೋಗುತ್ತಾರೆ ಎಂಬುದು ಅಮೆರಿಕದ ಅಲ್ಜೈಮರ್ಸ್ ಅಸೋಸಿಯೇಷನ್ನಿನ ಅಂದಾಜು.

ಹೊರಡುವವರಿಗೆ ಸಾಮಾನ್ಯವಾಗಿ ಒಂದು ಕೆಲಸವಿರುತ್ತದೆ. ರಾಜಾಜಿನಗರ, ಮಾಗಡಿ ರಸ್ತೆಯ ಸುತ್ತಮುತ್ತ ಮಿಲ್ಲು, ಕಾರ್ಖಾನೆಗಳಲ್ಲಿ ದುಡಿದ ಹಿರಿಯರು ಬಹಳ. ಬಿನ್ನಿ ಮಿಲ್ ಮುಚ್ಚಿ ಎಷ್ಟೋ ವರ್ಷವಾಯಿತು. ಅಲ್ಲಿ ದುಡಿದವರ ಮನಸ್ಸಿನಲ್ಲಿ ಶಿಫ್ಟ್ ಇನ್ನೂ ಮುಗಿದಿರಲಿಕ್ಕಿಲ್ಲ. ನಸುಕಿಗೇ ಎದ್ದು, ಷರ್ಟಿನ ಗುಂಡಿಗಳನ್ನು ಮೇಲೆಕೆಳಗೆ ಹಾಕಿಕೊಂಡು, ಊಟದ ಡಬ್ಬಿ ಹುಡುಕುತ್ತಾರೆ. ಸಂಜೆಯಾದರೆ ಇಂಥ ಅಜ್ಜಿಯೊಬ್ಬರು ತಮ್ಮದೇ ಮನೆಯ ಹಾಲ್‌ನಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ‘ಮನೆಗೆ ಹೋಗ್ಬೇಕು’ ಅನ್ನುತ್ತಾರೆ. ‘ಇದೇ ಮನೆ ಕಣಜ್ಜಿ’ ಎಂದು ವಾದಕ್ಕಿಳಿಯಬೇಡ. ಅಲ್ಲಿ ಯಾರಿದ್ದಾರೆ ಎಂದು ಕೇಳು, ಜೊತೆಗೇ ರಸ್ತೆಯಲ್ಲೊಂದು ಸುತ್ತು ಹಾಕಿ ಬಾ. ಹಸಿವೋ, ಬಾತ್‌ರೂಮಿನ ಅವಸರವೋ ಇದ್ದೀತು, ಅದನ್ನೂ ನೋಡು.

ತಾತನನ್ನು ಒಬ್ಬರನ್ನೇ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗಬೇಡ. ಬೆಂಕಿ ಹೊತ್ತಿಕೊಂಡರೆ ಅವರಿಗೆ ದಾರಿಯೇ ಇರುವುದಿಲ್ಲ. ಬಾಗಿಲಿಗೊಂದು ಗೆಜ್ಜೆಯನ್ನೋ ಗಂಟೆಯನ್ನೋ ಕಟ್ಟು, ತೆರೆದರೆ ಅಡುಗೆಮನೆಗೆ ಕೇಳಬೇಕು.

ಹೇಮಂತ್ ರಾವ್ ಅವರ 2016ರ ಸಿನಿಮಾ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ನೋಡಿದ್ದೀಯಲ್ಲ? ಅಲ್ಜೈಮರ್ಸ್ ಇರುವ ವೆಂಕೋಬರಾವ್ ಆಗಿ ಅನಂತನಾಗ್ ಬೆಂಗಳೂರಿನಲ್ಲಿ ಕಳೆದುಹೋಗುತ್ತಾರೆ. ಸಿನಿಮಾದ ಹೆಸರೇ ಕಾಣೆಯಾದವರ ಪ್ರಕಟಣೆಯ ಒಕ್ಕಣೆ. ಆ ವಿವರ ಅರ್ಧ ಊರಿಗೇ ಹೊಂದುತ್ತದೆ. ಆದ್ದರಿಂದ ತಾತನ ಇತ್ತೀಚಿನ ಫೋಟೊ, ಮಚ್ಚೆ, ನಡಿಗೆ, ಯಾವ ಹೆಸರಿಗೆ ಓಗೊಡುತ್ತಾರೆ, ಹಿಂದೆ ಎಲ್ಲೆಲ್ಲಿ ವಾಸವಿದ್ದರು, ಎಲ್ಲಿ ಕೆಲಸ ಮಾಡಿದ್ದರು ಎಂಬುದನ್ನೆಲ್ಲ ಈಗಲೇ ಒಂದು ಹಾಳೆಯಲ್ಲಿ ಬರೆದಿಡು. ಬ್ರಿಟನ್ನಿನಲ್ಲಿ ಪೊಲೀಸರೇ ಇಂಥದೊಂದು ಫಾರಂ ತುಂಬಿಸಿಡುತ್ತಾರೆ. ನಾರ್ಮಂಡಿ ಯುದ್ಧದಲ್ಲಿ ಹೋರಾಡಿ, ಮುಂದೆ ಡಿಮೆನ್ಷಿಯಾಕ್ಕೆ ಒಳಗಾದ ಜಾರ್ಜ್ ಹರ್ಬರ್ಟ್ ಹೆಸರಿನಲ್ಲಿ ಅದು ಹರ್ಬರ್ಟ್ ಪ್ರೋಟೋಕಾಲ್. ಫೋನ್ ನಂಬರನ್ನು ಜೇಬಿನಲ್ಲಿಟ್ಟರೆ ಷರ್ಟಿನ ಜೊತೆ ಬದಲಾಗಿಬಿಡುತ್ತದೆ. ಬಟ್ಟೆಯ ಒಳಮೈಗೆ ಹೊಲಿ, ಇಲ್ಲವೇ ಕೈಗೊಂದು ಬಳೆ ಮಾಡಿಸು.

ತಾತ ಕಾಣದಿದ್ದರೆ ಮೊದಲು ಹತ್ತಿರದಲ್ಲೇ ಹುಡುಕಿ. ಈ ಕಾಯಿಲೆಯವರು ಹಿಡಿದ ದಾರಿಯಲ್ಲೇ ಮುಂದೆ ಹೋಗಿ, ಪೊದೆಯೋ ಗೋಡೆಯೋ ಅಡ್ಡ ಬಂದಲ್ಲಿ ಸಿಕ್ಕಿಕೊಂಡು ನಿಲ್ಲುವುದೇ ಹೆಚ್ಚು. ಕೂಗಿದರೂ ಎಷ್ಟೋ ಸಲ ಓಗೊಡುವುದಿಲ್ಲ. ಖಾಲಿ ಸೈಟು, ಕಟ್ಟುತ್ತಿರುವ ಮನೆ, ನಿಂತ ವಾಹನಗಳ ಸಂದು, ರಾಜಕಾಲುವೆಯ ಅಂಚು ಎಲ್ಲವನ್ನೂ ಕಣ್ಣಾರೆ ನೋಡಬೇಕು. ಬಸ್ ಸ್ಟಾಪಿಗೂ ಒಬ್ಬರು ಓಡಲಿ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ, ಕೈಯಲ್ಲಿ ಕಾಸಿಲ್ಲದ ಅಜ್ಜಿಯೂ ಮೆಜೆಸ್ಟಿಕ್ ತಲುಪಿಬಿಡಬಹುದು.

15 ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಫೋನ್ ಮಾಡು. 24 ಗಂಟೆ ಕಾಯಬೇಕೆಂಬ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಮಿನ ಪ್ರಕಾರ, ಹೀಗೆ ಅಲೆಯುತ್ತಿರುವವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಮನೆಯವರನ್ನು ಪತ್ತೆಹಚ್ಚುವುದು ಠಾಣಾಧಿಕಾರಿಯ ಹೊಣೆ. ಬೆಂಗಳೂರು ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಲ್ಲಿ ಶುರುಮಾಡಿದ ಹಿರಿಯರ ಸಹಾಯವಾಣಿ 1090 ಕೂಡ ನೆನಪಿರಲಿ.

ಇಷ್ಟೆಲ್ಲ ಇದ್ದರೂ ಅಕ್ಕಪಕ್ಕದವರಿಗೆ ವಿಷಯ ಗೊತ್ತಿಲ್ಲದಿದ್ದರೆ ಪ್ರಯೋಜನ ಕಡಿಮೆ. ‘ನಾಲ್ಕು ಜನ ಏನಂದಾರು’ ಎಂದು ಮನೆಯವರು ಮುಚ್ಚಿಡುತ್ತಾರೆ. ಜಪಾನಿನ ಒಮುಟಾ ಪಟ್ಟಣದಲ್ಲಿ 2004ರಿಂದ ಇದಕ್ಕೆಂದೇ ತಾಲೀಮು ನಡೆಯುತ್ತಿದೆ: ಒಬ್ಬರು ದಾರಿ ತಪ್ಪಿದವರಂತೆ ನಡೆದು ಬರುತ್ತಾರೆ, ಊರವರು ಗುರುತಿಸಿ ಮಾತಾಡಿಸಬೇಕು. ನಮ್ಮ ಬೀದಿಗೆ ಅಷ್ಟು ದೊಡ್ಡ ಏರ್ಪಾಡೇನೂ ಬೇಡ. ಮೂಲೆಯ ಅಂಗಡಿಯವರು, ಹೂವಿನವರು, ಆಟೋ ಸ್ಟ್ಯಾಂಡಿನವರು, ಎದುರು ಅಪಾರ್ಟ್‌ಮೆಂಟಿನ ವಾಚ್‌ಮನ್, ಇವರೆಲ್ಲರ ಬಳಿ ಈ ಭಾನುವಾರ ತಾತನನ್ನೇ ಕರೆದುಕೊಂಡು ಹೋಗಿ ಪರಿಚಯ ಮಾಡಿಸು. ‘ತಾತ ಒಬ್ಬರೇ ಕಂಡರೆ ಕೂರಿಸಿ, ಕಾಫಿ ಕೊಟ್ಟು ನನಗೆ ಫೋನ್ ಮಾಡಿ’ ಎಂದು ಹೇಳಿ ನಂಬರು ಕೊಟ್ಟು ಬಾ. ಅಪ್ಪ ಸಂಕೋಚಪಟ್ಟುಕೊಂಡರೆ ಈ ಕಾಗದ ತೋರಿಸು.

ಇಂತಿ,
ನಿನ್ನ ದೊಡ್ಡಮ್ಮ